ಕುಂಕುಮ ಹಚ್ಚಿದ ಮರಿ

ಮೊನ್ನೆ ಆಶಾ ಕಾರ್ಯಕರ್ತೆ ಬಂದು ಒಂದು ಪುಟ್ಟ ಎಣ್ಣೆ ಬಾಟಲಿ ಕೊಟ್ಟು ಹೋದಳು. ಬೆಟ್ಟಕ್ಕೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಹಚ್ಚಿಕೊಂಡರೆ ರಕ್ತ ಹೀರುವ ಉಣುಗು ಮೈಗೆ ಹತ್ತುವುದಿಲ್ಲ, ಉಣುಗು ಕಚ್ಚದಿದ್ದರೆ ಮಂಗನ ಕಾಯಿಲೆಯ ಭಯವಿಲ್ಲ. ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲ ಬಂತೆಂದರೆ ಈ ಬಾಟಲಿಯೂ ಬರುತ್ತದೆ, ನಾವು ಅದನ್ನು ಕಿಟಕಿಯ ಮೇಲಿಟ್ಟು ಮರೆಯುತ್ತೇವೆ. ಈ ಸಲ ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ. ಮುಚ್ಚಳ ಇದ್ದದ್ದನ್ನೆಲ್ಲ ತೆಗೆದು ಮೂಸುವುದು ನನ್ನ ಹುಟ್ಟುಗುಣ. ಒಂದು ಥರ ಸಿಹಿ, ಒಂದು ಥರ ಔಷಧಿ, ಮೂಗಿನೊಳಗೆ ಹೋಗಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂರುವ ವಾಸನೆ... ಅದರ ಹಿಂದೆಯೇ ಬಾಯೋರು ಬಂದು ನಿಂತರು. ಬಿಳಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ಮುಖದಲ್ಲಿ ಸಿಟ್ಟು.

ಬಾಯೋರು ಅಂದರೆ ನಮ್ಮೂರಿನ ಆರೋಗ್ಯ ಉಪಕೇಂದ್ರದ ನರ್ಸು. ಸಿದ್ದಾಪುರದಿಂದ ನಿಲ್ಕುಂದಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಗಿರಣಿಗೆ ಅಂಟಿಕೊಂಡು ಮನೆ. ರಸ್ತೆ ದಾಟಿದರೆ ಉಪಕೇಂದ್ರ. ಎರಡೇ ಕೋಣೆಯ ಕಟ್ಟಡ. ಮುಂದಿನ ಕೋಣೆಯಲ್ಲಿ ಸರ್ಕಾರ, ಹಿಂದಿನ ಕೋಣೆಯಲ್ಲಿ ಬಾಯೋರು. ಅವರು ಘಟ್ಟದ ಕೆಳಗಿನವರು. ತಾಜಾ ಮೀನು ಸಿಗದ ಊರಿಗೆ ತಂದು ಹಾಕಿದ್ದಾರೆಂದು ಸರ್ಕಾರದ ಮೇಲೆ ಅವರಿಗೊಂದು ಕೋಪವಿತ್ತು. ಸರ್ಕಾರ ಕೈಗೆ ಸಿಗುವಂಥದ್ದಲ್ಲವಲ್ಲ, ಹಾಗಾಗಿ ಆ ಕೋಪವನ್ನು ನಮ್ಮೆಲ್ಲರ ಮೇಲೆ ಸಮನಾಗಿ ಹಂಚುತ್ತಿದ್ದರು. ಅವರ ಹೆಸರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೆ ಅವರು ಬಾಯೋರು, ಅವರಿಗೆ ನಾನು ಗಿರಣಿ ಅಕ್ಕ. ಅಷ್ಟರಲ್ಲೇ ವರ್ಷಗಳು ಕಳೆದವು.

ಉಣುಗಿನ ಕಾಲದಲ್ಲಿ ಅವರು ಮನೆಮನೆ ತಿರುಗುತ್ತಿದ್ದರು. ಚುಚ್ಚುಮದ್ದು ತಗೊಳ್ಳಿ, ಎಣ್ಣೆ ಹಚ್ಚಿಕೊಳ್ಳಿ, ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಬಂದು ನನಗೆ ಹೇಳಿ. ನಾವೆಲ್ಲ ತಲೆಯಾಡಿಸಿ ಚಹಾ ಕೊಡುತ್ತಿದ್ದೆವು. ಚಹಾ ಕುಡಿಸಿ ಕಳಿಸಿದರೆ ಹೇಳಿದ್ದನ್ನು ಕೇಳಿದ ಹಾಗೆ ಎಂಬುದು ನಮ್ಮ ಕಡೆಯ ಲೆಕ್ಕ. ಅವರು ಎಲ್ಲ ಮನೆಯ ಚಹಾ ಕುಡಿದು, ಸಂಜೆ ಹೊಟ್ಟೆ ಉಬ್ಬರಿಸಿಕೊಂಡು ನಮ್ಮ ಗಿರಣಿಯ ಕಟ್ಟೆಯ ಮೇಲೆ ಕೂತು, "ಅಕ್ಕಾ, ನಿಮ್ಮೂರಿನವ್ರು ಚಾ ಬಿಟ್ಟು ಬೇರೆ ಎಂತಾ ಕೊಡೂದಿಲ್ಲ ಮಾರಾಯ್ರೆ, ಕಿವಿನೂ ಕೊಡೂದಿಲ್ಲ" ಅನ್ನುತ್ತಿದ್ದರು.

ಮಂಗಗಳೆಂದರೆ ಬಾಯೋರಿಗೆ ಆಗುತ್ತಿರಲಿಲ್ಲ. ಉಪಕೇಂದ್ರದ ಹಿಂದೆ ಒಂದು ಅಪ್ಪೆ ಮಾವಿನ ಮರವಿತ್ತು. ನಾವು ಮುಸಿಯ ಅನ್ನುತ್ತೇವಲ್ಲ, ಕಪ್ಪು ಮುಖದ ಉದ್ದ ಬಾಲದ ಮಂಗ, ಅವುಗಳ ಒಂದು ಹಿಂಡು ಹೆಚ್ಚಾಗಿ ಸಂಜೆ ಅದೇ ಮರಕ್ಕೆ ಮಲಗಲು ಬರುತ್ತಿತ್ತು. ಬೆಳಿಗ್ಗೆ ಎದ್ದು ಹೋಗುವಾಗ ಬಾಯೋರು ಗಂಜಿ ಹಾಕಿ ಒಣಗಿಸಿದ ಬಿಳಿ ಸೀರೆಯನ್ನು ಎಳೆದಾಡಿ ಹೋಗುತ್ತಿದ್ದವು. ಒಂದು ಸಲ ಸೋಪನ್ನೇ ಎತ್ತಿಕೊಂಡು ಮರ ಹತ್ತಿ ಕಚ್ಚಿ ನೋಡಿ, ಮುಖ ಕಿವಿಚಿ, ಸೀದಾ ಅವರ ನೆತ್ತಿಯ ಮೇಲೆ ಎಸೆದಿತ್ತು. ಅಂದಿನಿಂದ ಅವರು ಬಟ್ಟೆ ಒಗೆಯುವಾಗಲೂ ಕೊಡೆ ಬಿಡಿಸಿಕೊಳ್ಳುತ್ತಿದ್ದರು. ನಾನು ಈ ಕಡೆ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. ಕೊಡೆಯನ್ನು ನನ್ನ ಕಡೆ ಝಾಡಿಸುತ್ತಿದ್ದರು.

ಅಂಥವರಿಗೇ ಆ ಮರಿ ಗಂಟುಬಿತ್ತು.

ಗಿರಣಿಯ ಹಿಂದೆ ಕರೆಂಟಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರು, ಇತ್ತು. ಒಂದು ದಿನ ನಡುಹಗಲಲ್ಲಿ ಠಪ್ ಅಂತ ಸದ್ದಾಗಿ ಗಿರಣಿ ನಿಂತಿತು. ನಮ್ಮನೆಯವರು ಫ್ಯೂಸು ಹೋಯಿತೆಂದು ಬೈದುಕೊಂಡು ಹೊರಗೆ ಹೋದವರು ಅಲ್ಲೇ ನಿಂತುಬಿಟ್ಟರು. ಹೆಣ್ಣು ಮುಸಿಯವೊಂದು ತಂತಿಯಿಂದ ಬಿದ್ದಿತ್ತು. ಜೀವವಿರಲಿಲ್ಲ. ಅದರ ಹೊಟ್ಟೆಗೆ ಒಂದು ಮರಿ ಕಚ್ಚಿಕೊಂಡಿತ್ತು, ಎಲೆ ಕಡಿಯಲು ಕಲಿತ ಆದರೆ ಇನ್ನೂ ಹಾಲು ಬಿಡದ ಮರಿ. ಅದಕ್ಕೇನೂ ಆಗಿರಲಿಲ್ಲ. ಅಮ್ಮ ಯಾಕೆ ಏಳುತ್ತಿಲ್ಲ ಅಂತ ಅದರ ಮುಖವನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು... ಹಿಂಡು ಎದುರಿನ ಮರದ ತುದಿಯಲ್ಲಿ ಸ್ವಲ್ಪ ಹೊತ್ತು ಕೂಗಾಡಿತು. ಜನ ಸೇರುತ್ತಿದ್ದಂತೆ ಬೆಟ್ಟಕ್ಕೆ ಹಾರಿಹೋಯಿತು.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಬದುಕಿರುವ ಮಂಗ ನಮಗೆ ಕಳ್ಳ. ಬಾಳೆಗೊನೆಗೆ ಬಂದರೆ ಕವಣೆ ಬೀಸುತ್ತೇವೆ, ಗರ್ನಾಲು ಪಟಾಕಿ ಹೊಡೆಯುತ್ತೇವೆ, ಅದರ ಏಳು ಜನ್ಮ ತೊಳೆಯುವಂತೆ ಬೈಯುತ್ತೇವೆ. ಅದೇ ಮಂಗ ಊರೊಳಗೆ ಸತ್ತಿತೋ, ಆ ಕ್ಷಣದಿಂದ ಅದು ಮಾರುತಿ ದೇವರು. ಚಪ್ಪಲಿ ಬಿಟ್ಟು ನಿಲ್ಲುತ್ತೇವೆ. ಸ್ನಾನ ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿ, ಭಜನೆ ಹೇಳುತ್ತ ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುತ್ತೇವೆ. ಅವತ್ತೂ ಹಾಗೇ ಆಯಿತು. ಕಾಯಿಲೆಯಿಂದ ಸತ್ತದ್ದಲ್ಲ, ಕರೆಂಟು ಹೊಡೆದದ್ದು ಎಂದು ಎಲ್ಲರಿಗೂ ಕಂಡಿತ್ತು, ಹಾಗಾಗಿ ಹೆದರಿಕೆಯೂ ಇರಲಿಲ್ಲ. ಭಜನಾ ಮಂಡಳಿಯ ಅಧ್ಯಕ್ಷರು ತಾಳ ಹಿಡಿದೇ ಬಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಕಂಠ. ತಾಯಿಯ ಮೈ ಬಿಡದ ಮರಿಯನ್ನು ಕಂಡು ಅವರ ಕಣ್ಣಲ್ಲಿ ನೀರು ಬಂತು. ತಾಯಿಗೆ ಮಾಡಿದ್ದನ್ನೆಲ್ಲ ಅವರು ಮರಿಗೂ ಮಾಡಿಸಿದರು. ಮೈಗೆ ಅರಿಶಿನದ ನೀರು, ಹಣೆಗೆ ಉದ್ದಕ್ಕೆ ಕುಂಕುಮ, ಹೆಗಲಿಗೆ ಕೇಸರಿ ಶಾಲಿನ ತುಂಡು, ಕೊರಳಿಗೆ ಗೊಂಡೆ ಹೂವಿನ ಮಾಲೆ. ಮರಿ ಮದುವೆಗೆ ಹೊರಟ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಪಕ್ಕದೂರಿಗೆ ಹೋಗಿದ್ದ ಬಾಯೋರು ಬಸ್ಸಿಳಿದರು.

"ಅರೇ ದೇವಾ! ಎಂತಾ ಮಾಡಿಟ್ರಿ ಮಾರಾಯ್ರೆ! ಎಲ್ಲರೂ ಮುಟ್ಟಿದ್ರಾ? ಕೈ ತೊಳೀರಿ! ಹಿಂದೆ ಸರೀರಿ!"

"ಬಾಯೋರೆ, ಸಾಕ್ಷಾತ್ ಮಾರುತಿ ದೇವ್ರು ಅದು. ಸಿಟ್ಟು ಮಾಡಬ್ಯಾಡಿ" ಎಂದರು ಅಧ್ಯಕ್ಷರು.

"ಮೊನ್ನೆ ಇದೇ ಮಾರುತಿ ದೇವ್ರಿಗೆ ನೀವು ಕವಣೆ ಬೀಸಿದ್ದು ನಾ ಕಂಡಿದ್ದೆ."

"ಅದು ಬ್ಯಾರೆ. ಅದು ಬಾಳೆಗೊನೆ ಮಾತು."

ಬಾಯೋರು ಚೀಲದಿಂದ ಗ್ಲೌಸು ತೆಗೆದು ಹಾಕಿಕೊಂಡರು, ಮರಿಯ ಬೆರಳುಗಳನ್ನು ಒಂದೊಂದಾಗಿ ತಾಯಿಯ ಕೂದಲಿನಿಂದ ಬಿಡಿಸಿದರು. ಬಿಟ್ಟ ಕೂಡಲೇ ಅದು ಹಾರಿ ಅವರ ಸೊಂಟಕ್ಕೆ ಕಚ್ಚಿಕೊಂಡಿತು. ಬಿಳಿ ಸೀರೆಯೆಲ್ಲ ಹಳದಿಯಾಯಿತು. ಬಾಯೋರು ಕಣ್ಣು ಮುಚ್ಚಿ, ಕೈ ಎರಡೂ ಮೇಲಕ್ಕೆತ್ತಿ, ಕಲ್ಲಿನ ಹಾಗೆ ನಿಂತರು. "ಅಕ್ಕಾ... ಇದನ್ನ ತೆಗೀರಿ" ಎಂದರು ಸಣ್ಣ ದನಿಯಲ್ಲಿ. ನಾನು ತೆಗೆಯಲು ಹೋದೆ. ಮರಿ ಇನ್ನೂ ಬಿಗಿಯಾಗಿ ಹಿಡಿಯಿತು. ಅಲ್ಲಿಗೆ ನಿಶ್ಚಯವಾಯಿತು, ಅದಕ್ಕೆ ಬೇಕಾದ್ದು ಅವರೇ.

ಫಾರೆಸ್ಟ್ ಗಾರ್ಡಿಗೆ ಫೋನು ಮಾಡಿದರು. ಗಾರ್ಡು ಒಳ್ಳೆಯವನೇ. ಮರಿಯನ್ನು ಒಯ್ಯಬಹುದು, ಆದರೆ ಒಯ್ದರೆ ದೂರದ ಊರಿನ ಮೃಗಾಲಯದ ಗೂಡಿಗೆ ಕಳಿಸಬೇಕಾಗುತ್ತದೆ, ಗೂಡಿಗೆ ಹೋದ ಮರಿ ಮತ್ತೆ ಕಾಡಿಗೆ ಬರುವುದು ಕಷ್ಟ ಎಂದ. ಹಿಂಡು ಇನ್ನೂ ಅಲ್ಲೇ ಸುತ್ತಾಡುತ್ತಿದ್ದರೆ ಅದಕ್ಕೇ ಸೇರಿಸಲು ನೋಡಿ, ಗುರುವಾರದವರೆಗೆ ನೋಡೋಣ, ಆಗದಿದ್ದರೆ ಬಂದು ಒಯ್ಯುತ್ತೇನೆ ಎಂದ. ಬಾಯೋರು ಫೋನಿಟ್ಟು ನನ್ನ ಮುಖ ನೋಡಿದರು. ಗೂಡು ಎಂಬ ಮಾತು ಅವರಿಗೆ ಎಲ್ಲೋ ತಾಗಿತ್ತು. ಬೇಡದ ಊರಿನಲ್ಲಿ ಎರಡು ಕೋಣೆಯೊಳಗೆ ಇದ್ದವರಲ್ಲವೇ...

ಮರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಹತ್ತಿಯ ಬಟ್ಟೆ ಕೊಟ್ಟರೆ ಎಸೆಯಿತು. ನನಗೆ ಅತ್ತೆಯ ಹಳೇ ಕಂಬಳಿ ನೆನಪಾಯಿತು, ಕರಿಕುರಿಯ ಉಣ್ಣೆಯದು, ಮೈಗೆ ತಾಗಿದರೆ ಚುಚ್ಚುವಂಥದ್ದು. ಪೆಟ್ಟಿಗೆಯಿಂದ ತೆಗೆದು ಸುರುಳಿ ಸುತ್ತುತ್ತಿದ್ದಾಗ ನಮ್ಮನೆಯವರು ಒಳಗೆ ಬಂದರು.

"ಆಯಿ ಕಂಬಳಿನ ಮಂಗಂಗೆ ಹೊದೆಸ್ತ್ಯನೆ? ಮಳ್ಳು ಹಿಡದ್ದಾ ನಿಂಗೆ?"

"ಆಯಿ ಇದ್ದಿದ್ರೆ ಅದೇ ಹೊದೆಸ್ತಿತ್ತು. ನಿಮ್ಗೆ ಬ್ಯಾರೆ ಇದ್ದು, ಸುಮ್ಮಂಗಿರಿ."

"ಹಾಂಗಾರೆ ಆ ಮಂಗ ಊರು ಬಿಡೋವರೆಗೆ ಆನು ಗಿರಣಿಲೇ ಇರ್ತೆ."

ಇದ್ದರು ಕೂಡ. ಊಟಕ್ಕೆ ಮಾತ್ರ ಬರುತ್ತಿದ್ದರು, ಬಂದಾಗ ಮರಿ ಏನು ತಿಂದಿತೆಂದು ಮೊದಲು ಕೇಳಿ ಆಮೇಲೆ ಕೈ ತೊಳೆಯುತ್ತಿದ್ದರು.

ಕಂಬಳಿ ಮುಟ್ಟಿದ ಕೂಡಲೇ ಮರಿ ಅದರೊಳಗೆ ಮುಖ ಹುದುಗಿಸಿ ಬಾಯೋರ ಸೊಂಟ ಬಿಟ್ಟಿತು. ಅವರು ಕೂತು ಅದರ ಮೈಯೆಲ್ಲ ಹುಡುಕಿ ಇಕ್ಕಳದಲ್ಲಿ ಉಣುಗು ತೆಗೆದು ಸಣ್ಣ ಸೀಸೆಗೆ ಹಾಕಿದರು. ಮಗುವಿಗೆ ಔಷಧಿ ಹನಿಸುವ ಡ್ರಾಪರಿನಲ್ಲಿ ನೀರು ಬೆರೆಸಿದ ಹಾಲು ಕೊಟ್ಟರು. ಕುಡಿಸುತ್ತ ಕುಡಿಸುತ್ತ ತಮಗೇ ತಿಳಿಯದೆ ಘಟ್ಟದ ಕೆಳಗಿನ ಮಾತಿನಲ್ಲಿ ಏನೇನೋ ಮುದ್ದು ಮಾಡುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಾದಾಗ ಕೂಡಲೇ, "ಥೂ, ನಾಯಿಮೂತಿ ಮಂಗ" ಅಂದರು. ಮರಿಗೆ ಎರಡೂ ಒಂದೇ ಆಗಿತ್ತು. ಕುಡಿಯಿತು.

ಮಾರನೇ ದಿನ ಹಿಂಡು ಮಾವಿನ ಮರದ ಆಚೆ ಬಂದಿತ್ತು. ಅರಿಶಿನ ಒಂದಿಷ್ಟು ಉಳಿದಿದ್ದರೂ ಬಾಯೋರು ಕುಂಕುಮ ಒರೆಸಿ, ಶಾಲು ಕಿತ್ತು, ಮರಿಯನ್ನು ಕಂಬಳಿ ಸಮೇತ ಬುಟ್ಟಿಯಲ್ಲಿಟ್ಟು ಮರದ ಕವಲಿನಲ್ಲಿ ಇಡಬೇಕೆಂದು ಹೊರಟರು. ಹೊರಗೆ ಬಂದರೆ ಅಂಗಳ ತುಂಬ ಜನ. ದೇವರ ಮಗುವನ್ನು ಬರಿಗೈಯಲ್ಲಿ ಕಳಿಸುವುದೇ? ಅಧ್ಯಕ್ಷರು ಆರತಿ ತಟ್ಟೆ ಹಿಡಿದಿದ್ದರು. ಬಾಯೋರು ಬೇಡ ಬೇಡ ಅನ್ನುವಷ್ಟರಲ್ಲಿ ಮರಿಯ ಹಣೆಗೆ ಮತ್ತೆ ಕುಂಕುಮ ಬಿತ್ತು, ಮತ್ತೆ ಹೂಮಾಲೆ, ಯಾರೋ ಕಾಲಿಗೆ ಗೆಜ್ಜೆ ಬೇರೆ ಕಟ್ಟಿದರು. ತಾಳ, ಜಾಗಟೆ. ಬುಟ್ಟಿ ಮರ ಏರಿತು.

ಹಿಂಡಿನ ಒಂದು ಹೆಣ್ಣು ಧೈರ್ಯ ಮಾಡಿ ಎರಡು ಕೊಂಬೆ ಇಳಿದು ಬಂತು. ಬುಟ್ಟಿಯೊಳಗೆ ಇಣುಕಿತು. ಹಳದಿ ಮೈ, ಕೆಂಪು ಹಣೆ, ಕೊರಳಲ್ಲಿ ಹೂವು, ಕಾಲು ಆಡಿಸಿದರೆ ಝಲ್ ಅನ್ನುವ ಪ್ರಾಣಿ. ನಾನಾಗಿದ್ದರೂ ಓಡುತ್ತಿದ್ದೆ. ಅದು ಖಕ್ ಅಂತ ಕೆಮ್ಮಿದ ಹಾಗೆ ಕೂಗಿತು, ಇಡೀ ಹಿಂಡು ದಡದಡ ಹಾರಿ ಮಾಯವಾಯಿತು. ಅವತ್ತು ಸಂಜೆ ಮಲಗಲೂ ಆ ಮರಕ್ಕೆ ಬರಲಿಲ್ಲ.

"ನೀವು ಪೂಜೆ ಮಾಡೇ ಇದನ್ನ ಕೊಲ್ತೀರಿ" ಎಂದು ಬಾಯೋರು ಅಂಗಳದಲ್ಲಿ ನಿಂತು ಕೂಗಿದರು. ಅಧ್ಯಕ್ಷರ ಮುಖ ಸಣ್ಣದಾಯಿತು. ಪಾಪ, ಅವರು ಮರಿಯ ಒಳ್ಳೆಯದಕ್ಕೇ ಮಾಡಿದ್ದು. ಬೇರೆ ಊರಿನವರು ಇಂಥ ತಪ್ಪು ಮಾಡುತ್ತಿದ್ದರೋ ಇಲ್ಲವೋ. ನಾವು ಯಾರನ್ನೇ ಕಳಿಸಿಕೊಡುವಾಗಲೂ ಕುಂಕುಮ ಕೊಟ್ಟೇ ಕಳಿಸುವವರು, ನೆಂಟರಿರಲಿ, ಹೊಸ ಟ್ರಾಕ್ಟರಿರಲಿ.

ನಾನೂ ಬಾಯೋರೂ ಹಂಡೆಯ ಬಿಸಿನೀರು ತೋಡಿ ಮರಿಯನ್ನು ತಿಕ್ಕಿದೆವು. ನಾನು ಸೀಗೆಪುಡಿ ತಂದೆ, ಅವರು ಆಸ್ಪತ್ರೆಯ ಔಷಧಿ ಬೆರೆಸಿದ ನೀರು ತಂದರು, ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದಲ್ಲ, ಅದು. "ಹುಳಹುಪ್ಪಟೆ ಎಲ್ಲ ಹೋಗ್ತದೆ" ಅಂದರು. ಹುಳಹುಪ್ಪಟೆಯೂ ಹೋಯಿತು, ಮಂಗನ ವಾಸನೆಯೂ ಹೋಯಿತು. ಈಗ ಮರಿ ಹೆರಿಗೆ ವಾರ್ಡಿನ ಹಾಗೆ ನಾರುತ್ತಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಊರವರು ಕುಂಕುಮ ಹಚ್ಚಿದರೆ ನಾವು ಔಷಧಿ ಹಚ್ಚಿದೆವು, ಯಾರೂ ಕಡಿಮೆಯಿಲ್ಲ... ಆಮೇಲೆ ಅವರೇ ಅಂಗಳದ ಮಣ್ಣಿನಲ್ಲಿ, ಮಾವಿನ ಎಲೆಯ ಕಸದಲ್ಲಿ ಅದನ್ನು ಹೊರಳಾಡಲು ಬಿಟ್ಟರು. ಸ್ವಚ್ಛತೆಯ ಬಗ್ಗೆ ಊರಿಗೆಲ್ಲ ಪಾಠ ಹೇಳಿದ ಹೆಂಗಸು, ತೊಳೆದ ಮರಿಯ ಮೈಗೆ ತಾನೇ ಕೈಯಾರೆ ಮಣ್ಣು ಹಚ್ಚುತ್ತಿದ್ದುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಬಾಯೋರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಆದರೆ ಜನ ಬರುವುದು ನಿಲ್ಲಲಿಲ್ಲ. ಬಾಳೆಹಣ್ಣು, ಕೊಬ್ಬರಿ, ಹರಕೆ. ಪಕ್ಕದೂರಿನವರೂ ಬಂದರು. ಇಷ್ಟು ಜನರ ನಡುವೆ ಹಿಂಡು ಹತ್ತಿರ ಬರುವುದೆಂತು? ನಾನು ಬಾಯೋರಿಗೊಂದು ಉಪಾಯ ಹೇಳಿದೆ. ಮರಿಗೆ ಮಂಗನ ಕಾಯಿಲೆ ಇದೆಯೆಂದು ಹೇಳಿಬಿಡಿ, ಒಬ್ಬರೂ ಇತ್ತ ತಲೆ ಹಾಕುವುದಿಲ್ಲ.

"ಅದು ಸುಳ್ಳು ಅಕ್ಕ. ಕಾಯಿಲೆ ವಿಷಯದಲ್ಲಿ ನಾ ಒಂದ್ಸಲ ಸುಳ್ಳು ಹೇಳಿದ್ರೆ, ನಾಳೆ ನಿಜ ಹೇಳಿದಾಗ ಯಾರು ನಂಬ್ತಾರೆ?"

ಹಾಗೆಂದು ಅವರೇ ಒಳಗೆ ಹೋಗಿ ಆ ಸೀಸೆ ತಂದರು. ಅಂಗಳದ ನಡುವೆ ನಿಂತು ಅದನ್ನು ಎತ್ತಿ ಹಿಡಿದು, "ಇದು ಮರಿ ಮೈಯಿಂದ ತೆಗೆದ ಉಣುಗು. ಕಾಯಿಲೆ ಇದೆ ಅಂತ ನಾ ಹೇಳೂದಿಲ್ಲ. ಇಲ್ಲ ಅಂತಲೂ ಹೇಳೂದಿಲ್ಲ. ಮಂಗನ ಹತ್ರ ಬರ್ಬೇಡಿ ಅಂತ ವರ್ಷಾವಧಿ ಹೇಳ್ತಾ ಬಂದಿದ್ದೆ, ಇವತ್ತೂ ಅದನ್ನೇ ಹೇಳ್ತೆ" ಎಂದರು. ಅಷ್ಟೇ. ಸೀಸೆಯೊಳಗೆ ಉಣುಗು ಕಾಲಾಡಿಸುತ್ತಿದ್ದುದು ಎಲ್ಲರಿಗೂ ಕಂಡಿತು. ಅಂಗಳ ಖಾಲಿಯಾಗಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಮನೆಮನೆ ತಿರುಗಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಊರು ಆ ಸೀಸೆ ನೋಡಿ ಓಡಿತು. ಎಣ್ಣೆ ಬಾಟಲಿಗಳೆಲ್ಲ ಎಲ್ಲರ ಕಿಟಕಿಯಿಂದಲೂ ಕೆಳಗಿಳಿದವು. ಎರಡು ದಿನ ಊರಿಗೆ ಊರೇ ಆ ಎಣ್ಣೆ ನಾರುತ್ತಿತ್ತು. ಗಿರಣಿಗೆ ಬಂದವರ ಹಿಟ್ಟಿನ ಚೀಲ ಕೂಡ.

ಅದರ ಇನ್ನೊಂದು ಫಲ ಗುರುವಾರ ಗೊತ್ತಾಯಿತು. ಗುರುವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಬಾಯೋರು ಲಸಿಕೆಯ ಐಸು ಪೆಟ್ಟಿಗೆ ತೆರೆದು, ಹೊಸ ಸೂಜಿ ಜೋಡಿಸಿಟ್ಟು ಕೂತರು. ಒಂದು ತಾಯಿಯೂ ಬರಲಿಲ್ಲ. ಉಣುಗು ಇರುವ ಕಟ್ಟಡಕ್ಕೆ ಹಸುಗೂಸನ್ನು ತರುವವರು ಯಾರು? ಮಧ್ಯಾಹ್ನ ನಾನು ಹೋದಾಗ ಅವರು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಹಿಂದಿನ ಕೋಣೆಯಲ್ಲಿ ಮರಿ ಕಂಬಳಿಯೊಳಗೆ ನಿದ್ದೆ ಮಾಡುತ್ತಿತ್ತು.

"ಒಂದು ಮಂಗನ ಮರಿಗಾಗಿ ಊರ ಮಕ್ಕಳ ಲಸಿಕೆ ತಪ್ಪಿಸ್ದೆ ನಾನು" ಎಂದರು. "ಗಾರ್ಡು ನಾಳೆ ಬೆಳಿಗ್ಗೆ ಬರ್ತಾನಂತೆ. ಇವತ್ತು ಸಂಜೆ ಒಂದ್ಸಲ ನೋಡ್ತೆ. ಆಗದಿದ್ರೆ ಕೊಟ್ಟುಬಿಡ್ತೆ."

ನಾನು ಮರಿಗೆ ಹಾಲು ಬೆಚ್ಚಗೆ ಮಾಡಲು ಎದ್ದೆ.

ಅಂಗಳದಲ್ಲಿ ಜನ ಇಲ್ಲದ್ದರಿಂದಲೋ ಏನೋ, ಆ ಸಂಜೆ ಹಿಂಡು ಮಾವಿನ ಮರಕ್ಕೆ ಬಂತು. ಬಿಸಿಲು ಇನ್ನೂ ಮರದ ತುದಿಯಲ್ಲಿತ್ತು. ಬಾಯೋರು ಏಣಿ ಹತ್ತಿ ಬುಟ್ಟಿಯನ್ನು ಕೆಳಗಿನ ಕವಲಿನಲ್ಲಿಟ್ಟು ಬಂದರು. ನಾವಿಬ್ಬರೂ ಬಚ್ಚಲಿನ ಗೋಡೆಯ ಹಿಂದೆ ಕೂತೆವು. ಮೇಲೆ ಹೆಣ್ಣುಗಳು ಒಂದರ ತಲೆ ಒಂದು ಹೆಕ್ಕುತ್ತ, ಒಂದರ ಮರಿಯನ್ನು ಇನ್ನೊಂದು ಎತ್ತಿಕೊಳ್ಳುತ್ತ ಕೂತಿದ್ದವು. ಬುಟ್ಟಿಯ ಕಡೆ ಒಂದೂ ನೋಡಲಿಲ್ಲ. ಯಾಕೆ ನೋಡಬೇಕು? ನಮ್ಮ ಮರಿ ಹೊಟ್ಟೆ ತುಂಬ ಹಾಲು ಕುಡಿದು, ಬೆಚ್ಚಗೆ ಕಂಬಳಿ ಕಚ್ಚಿ, ಸದ್ದೇ ಇಲ್ಲದೆ ಮಲಗಿತ್ತು. ಹಗಲೆಲ್ಲ ಅದು ಕುಂಯ್ ಅಂದರೆ ಸಾಕು, ಬಾಯೋರು ಓಡಿ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದರಲ್ಲ. ಅಳುವುದನ್ನೇ ಮರೆತಿತ್ತು ಅದು.

ಬಿಸಿಲು ಇಳಿಯುತ್ತ ಬಂತು. ಬಾಯೋರು ಒಮ್ಮೆಗೇ ನನ್ನ ತೊಡೆ ಹಿಡಿದು ಒತ್ತಿದರು.

"ಅಕ್ಕಾ, ಹುಟ್ಟಿದ ಕೂಸು ಅಳದಿದ್ರೆ ನಾ ಎಂತಾ ಮಾಡ್ತೆ?"

"ಅಂಗಾಲಿಗೆ ಬಡೀತ್ರಿ" ಎಂದೆ. ಊರಿನ ಎಷ್ಟು ಹೆರಿಗೆಯಲ್ಲಿ ಅವರ ಪಕ್ಕ ದೀಪ ಹಿಡಿದು ನಿಂತಿಲ್ಲ ನಾನು. ಮಗು ಅಳುವವರೆಗೆ ಅವರು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ, ತಾಯಿಗೆ ಗಂಡೋ ಹೆಣ್ಣೋ ಕೂಡ ಹೇಳುತ್ತಿರಲಿಲ್ಲ.

ಅವರು ಎದ್ದು ಹೋದರು. ಏಣಿ ಹತ್ತಿದರು. ಮೇಲಿನ ಹೆಣ್ಣುಗಳು ಎರಡು ಕೊಂಬೆ ಮೇಲೇರಿ ನಿಂತು ನೋಡಿದವು. ಬಾಯೋರು ಮರಿಯ ಕೈಯಿಂದ ಕಂಬಳಿಯನ್ನು ಬಿಡಿಸಿದರು. ಅದು ಎಚ್ಚರಾಗಿ ಅವರ ಕುತ್ತಿಗೆಗೆ ಕೈ ಹಾಕಿತು. ಆ ಕೈಯನ್ನೂ ಬಿಡಿಸಿದರು. ಬೆರಳು, ಮತ್ತೊಂದು ಬೆರಳು, ಮತ್ತೆ ಹಿಡಿದ ಬೆರಳು... ಬರಿಯ ಕೊಂಬೆಯ ಮೇಲೆ ಅದನ್ನು ಕೂರಿಸಿ, ಬುಟ್ಟಿಯನ್ನೂ ಕಂಬಳಿಯನ್ನೂ ಹಿಡಿದು ಇಳಿದರು, ಏಣಿಯನ್ನೂ ತೆಗೆದರು. ಹಿಂದೆ ನೋಡದೆ ನನ್ನ ಪಕ್ಕ ಬಂದು ಕೂತರು.

ಮರಿ ಕಿರುಚಿತು. ಅಷ್ಟು ಸಣ್ಣ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಕೂಗು ಎಲ್ಲಿತ್ತೋ. ಏಳಲು ಹೋದೆ. ಬಾಯೋರು ನನ್ನ ರಟ್ಟೆ ಹಿಡಿದರು, ಉಗುರು ಊರುವಷ್ಟು.

"ಅಳ್ಲಿ. ಅಳಬೇಕು ಅದು."

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಹಿಡಿತ ಮಾತ್ರ ಸಡಿಲಾಗಲಿಲ್ಲ. ಗಿರಣಿಯ ಬಾಗಿಲಿಗೆ ನಮ್ಮನೆಯವರು ಬಂದು ನಿಂತಿದ್ದರು, ಮೈಯೆಲ್ಲ ಹಿಟ್ಟು. ಅವರ ಹಿಂದೆ, ಅಷ್ಟು ದೂರದಲ್ಲಿ, ಅಧ್ಯಕ್ಷರು. ಮರಿಯ ಕೂಗು ಅಲ್ಲಿಯವರೆಗೂ ಮುಟ್ಟಿತ್ತು. ಅವರ ಕೈಯಲ್ಲಿ ತಾಳ ಇರಲಿಲ್ಲ. ಯಾರೂ ಒಂದು ಹೆಜ್ಜೆ ಮುಂದಿಡಲಿಲ್ಲ.

ಮೇಲೆ ಹಿಂಡೆಲ್ಲ ಎದ್ದು ಕೂತಿತ್ತು. ಒಂದು ಹೆಣ್ಣು ಇಳಿಯಿತು, ನಿಂತಿತು, ವಾಪಸು ಹೋಯಿತು. ಮರಿ ಇನ್ನೂ ಜೋರಾಗಿ ಕೂಗಿತು. ಆಗ ಒಂದು ಮುದುಕಿ ಬಂತು. ಕಿವಿ ಹರಿದಿತ್ತು, ಹೊಟ್ಟೆ ಜೋತಿತ್ತು, ನಡಿಗೆಯಲ್ಲಿ ಯಾವ ಅವಸರವೂ ಇರಲಿಲ್ಲ. ಕೊಂಬೆಯ ಮೇಲೆ ಮರಿಯ ಎದುರಿಗೇ ಕೂತು, ಅದರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿತು. ಹಣೆಯ ಮೇಲೆ ಎಲ್ಲೋ ಒಂದಿಷ್ಟು ಕೆಂಪು ಉಳಿದಿತ್ತೇನೋ, ಅದನ್ನು ಬೆರಳಿನಿಂದ ಕೆರೆದು ತನ್ನ ಮೂಗಿಗೆ ಹಿಡಿದು ನೋಡಿತು. ಆಮೇಲೆ ಸಂತೆಯಲ್ಲಿ ತಪ್ಪಿಸಿಕೊಂಡ ಮೊಮ್ಮಗುವನ್ನು ಎತ್ತಿಕೊಂಡ ಹಾಗೆ, ಎರಡು ಮಾತು ಬೈದ ಹಾಗೆ ಗುರುಗುಟ್ಟಿ, ಮರಿಯನ್ನು ಎದೆಗೆ ಎಳೆದುಕೊಂಡಿತು. ಕೂಗು ನಿಂತಿತು. ಮೇಲೆ ಹೋದ ಮೇಲೆ ಅದನ್ನು ಇನ್ನೊಂದು ಹೆಣ್ಣು ಕಸಿದುಕೊಂಡಿತು, ತನ್ನದೇ ಮರಿ ಇದ್ದ ಹೆಣ್ಣು. ಎರಡು ಮರಿಯನ್ನೂ ಒಂದೇ ಮಡಿಲಿಗೆ ಹಾಕಿಕೊಂಡಿತು. ಎಲೆಯ ಮರೆಯಲ್ಲಿ ಮತ್ತೇನೂ ಕಾಣಲಿಲ್ಲ.

ಬಾಯೋರು ಗೋಡೆಗೆ ತಲೆ ಒರಗಿಸಿ, "ಅತ್ತಿತು" ಎಂದರು. ಹೆರಿಗೆ ಮುಗಿದ ಮೇಲೆ ಹೇಳುತ್ತಿದ್ದರಲ್ಲ, ಅದೇ ದನಿ.

ಮಾರನೇ ದಿನ ಬಂದ ಗಾರ್ಡು ಮರದ ಕೆಳಗೆ ನಿಂತು ನೋಡಿ, ಒಂದು ಲೋಟ ಚಹಾ ಕುಡಿದು ಹೋದ. ಬಾಯೋರು ಉಪಕೇಂದ್ರದ ನೆಲ ಗೋಡೆಯನ್ನೆಲ್ಲ ತೊಳೆದು, ತಾವೇ ಮನೆಮನೆಗೆ ಹೋಗಿ ಲಸಿಕೆಗೆ ಕರೆದರು. ಮೊದಲು ಮಗುವನ್ನು ಎತ್ತಿಕೊಂಡು ಬಂದವರು ಅಧ್ಯಕ್ಷರು, ಮೊಮ್ಮಗಳನ್ನು. ಅವರ ಹಿಂದೆ ಉಳಿದವರು ಬಂದರು. ಮಗು ಅತ್ತಾಗ ಬಾಯೋರು, "ಅಳ್ಲಿ ಬಿಡಿ, ಕುಂಕುಮ ಗಿಂಕುಮ ಹಚ್ಚೂಕೆ ಹೋಗ್ಬೇಡಿ" ಎಂದರು. ಅಧ್ಯಕ್ಷರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಅವರು ಲೈನ್‌ಮನ್ನಿನ ಬೆನ್ನು ಬಿದ್ದು ಟಿ.ಸಿ. ಹತ್ತಿರದ ತಂತಿಗೆ ಪೈಪು ತೊಡಿಸಿದರು. ಈಗಲೂ ನಮ್ಮೂರಲ್ಲಿ ಮಂಗ ಸತ್ತರೆ ಪೂಜೆ ಆಗುತ್ತದೆ, ಆದರೆ ದೂರದಿಂದ. ಮರಿ ಇದ್ದರೆ ಮೊದಲು ಫೋನು, ಆಮೇಲೆ ಭಜನೆ.

ಬಾಯೋರಿಗೆ ಕೆಲವು ಕಾಲದ ಮೇಲೆ ವರ್ಗವಾಯಿತು, ಅವರು ಬಯಸಿದ ಹಾಗೆ ಘಟ್ಟದ ಕೆಳಗೇ. ಬಸ್ಸು ಹತ್ತುವಾಗ ನಾನು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹೋದೆ. ಅವರು ನನ್ನ ಮುಖ ನೋಡಿದರು, ಬಟ್ಟಲು ನೋಡಿದರು, ಹಣೆ ಮುಂದೆ ಕೊಟ್ಟರು. ಫೋನು ಮಾಡಿ ಅಂದರು. ನಾನು ಮಾಡಲಿಲ್ಲ, ಆಗ ನನಗೆ ಫೋನು ಕಂಡರೆ ಹೆದರಿಕೆ. ಕಳೆದ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯ ಫೋನಿಗೆ ಅವರ ಕಡೆಯ ಸುದ್ದಿ ಬಂತು. ನಿವೃತ್ತರಾಗಿ ಸಮುದ್ರದ ಹತ್ತಿರವೇ ಇದ್ದರಂತೆ, ಕೊನೆಗೆ ಹೆಚ್ಚು ನರಳಲಿಲ್ಲವಂತೆ. ನಾನು ಫೋನಿನಲ್ಲಿ ಕನ್ನಡ ಒತ್ತಲು ಕಲಿತದ್ದು ಅದಾದ ಮೇಲೆ, ದಸರಾ ರಜೆಗೆ ಬಂದ ಮಗಳ ಮಗಳಿಂದ. ಈಗ ಒಂದೇ ಬೆರಳಿನಲ್ಲಿ ಇಷ್ಟುದ್ದ ಬರೆಯಬಲ್ಲೆ, ಒತ್ತಕ್ಷರ ಬಂದಾಗ ಮಾತ್ರ ಉಸಿರು ಹಿಡಿಯಬೇಕು. ಬರೆದದ್ದನ್ನು ಮೊದಲು ಕಳಿಸಬೇಕಾದವರಿಗೆ ಕಳಿಸಲಾಗುವುದಿಲ್ಲ, ಅಷ್ಟೇ...

ಇವತ್ತು ಬೆಳಿಗ್ಗೆ ಹಿಂಡು ಬಂದಿತ್ತು. ಗಿರಣಿಯ ಹೆಂಚಿನ ಮೇಲೆ ದಡಬಡ ಓಡಾಡಿ, ನನ್ನ ಬಸಳೆ ಚಪ್ಪರವನ್ನು ಕೆಳಗೆ ಕೆಡವಿ, ಸಾಲಾಗಿ ಕೂತು ಬಸಳೆ ತಿನ್ನುತ್ತಿದ್ದವು. ನಮ್ಮನೆಯವರು ಒಳಗಿನಿಂದಲೇ ಕೂಗಾಡುತ್ತಿದ್ದರು. ಮೊಮ್ಮಗಳು ಸಂಕ್ರಾಂತಿಗೆಂದು ಬಂದವಳು ನನ್ನ ಪಕ್ಕ ನಿಂತು, "ಅಮ್ಮಮ್ಮಾ, ಇದ್ರಲ್ಲಿ ಬಾಯೋರ ಮರಿ ಯಾವ್ದು?" ಎಂದು ಕೇಳಿದಳು.

"ಗೊತ್ತಿಲ್ಲೆ ಕೂಸೆ" ಎಂದೆ. ನಿಜವಾಗಿಯೂ ಗೊತ್ತಿಲ್ಲ. ಹಿಂಡಿಗೆ ಸೇರಿದ ಮೊದಮೊದಲು ಮೈಯ ಹಳದಿಯಿಂದ ಗುರುತು ಸಿಗುತ್ತಿತ್ತು. ಒಂದು ಮಳೆಗಾಲ ಕಳೆದ ಮೇಲೆ ಅದೂ ಹೋಯಿತು. ಈಗ ಎಲ್ಲವೂ ಕರಿ ಮೂತಿ, ಎಲ್ಲವೂ ಉದ್ದ ಬಾಲ, ಎಲ್ಲವೂ ಕಳ್ಳರು. ಇದ್ದರೆ ದೊಡ್ಡದಾಗಿ, ತನ್ನದೇ ಮರಿಗಳನ್ನು ಹೊತ್ತು ತಿರುಗುತ್ತಿರಬಹುದು. ಬಾಯೋರು ಬಂದು ನೋಡಿದ್ದರೆ ಅವರಿಗೂ ತಿಳಿಯುತ್ತಿರಲಿಲ್ಲ.

ಬಸಳೆ ಚಪ್ಪರದ ಸಿಟ್ಟಿಗೆ ನಾನು ಒಂದು ಕಲ್ಲು ಎತ್ತಿಕೊಂಡೆ. ಎತ್ತಿದ ಮೇಲೆ ಒಗೆಯಲೇಬೇಕಲ್ಲ, ಒಗೆದೆ. ಆದರೆ ಯಾವುದು ಅದು ಅಂತ ಗೊತ್ತಿಲ್ಲದ್ದರಿಂದ, ಎಲ್ಲವನ್ನೂ ತಪ್ಪಿಸಿ.